ಅಮೆರಿಕ 1942ರ ನಂತರ ಒಂದೂ ಯುದ್ಧ ಸಾರಿಲ್ಲವಂತೆ. ಹಾಗಾದರೆ ಆ ಬಾಂಬ್‌ಗಳೆಲ್ಲ ಏನು?

ಓದುಗರ ಪ್ರಶ್ನೆ: ಅಮೆರಿಕ ಅಧಿಕೃತವಾಗಿ ಯುದ್ಧ ಸಾರಿದ್ದು 1942ರಲ್ಲೇ ಕೊನೆ ಅಂತ ಓದಿದೆ. ಹಾಗಾದರೆ ಕೊರಿಯಾ, ವಿಯೆಟ್ನಾಂ, ಇರಾಕ್, ಲಿಬಿಯಾ ಇವೆಲ್ಲ ಯುದ್ಧ ಅಲ್ವಾ? ಯಾರ ಒಪ್ಪಿಗೆ ತಗೊಂಡು ಬಾಂಬ್ ಹಾಕ್ತಾರೆ?

ನೀವು ಓದಿದ್ದು ಸರಿಯಾಗಿಯೇ ಇದೆ. 1942ರ ಜೂನ್‌ನಲ್ಲಿ ಬಲ್ಗೇರಿಯಾ, ಹಂಗೇರಿ, ರೊಮೇನಿಯಾಗಳ ಮೇಲೆ ಸಾರಿದ್ದೇ ಕೊನೆ. ಅಲ್ಲಿಯವರೆಗಿನ ಲೆಕ್ಕ ತೆಗೆದರೂ ಅಷ್ಟೇನಿಲ್ಲ: ಐದು ಯುದ್ಧಗಳು, ಒಟ್ಟು 11 ಘೋಷಣೆಗಳು. ಆಮೇಲೆ ಬಾಂಬ್ ಬಿದ್ದ ದೇಶಗಳ ಪಟ್ಟಿ ಮಾತ್ರ ಬೆಳೆಯುತ್ತಲೇ ಹೋಯಿತು. ಯುದ್ಧ ನಿಲ್ಲಲಿಲ್ಲ, ಅದನ್ನು ಯುದ್ಧ ಅಂತ ಕರೆಯುವುದು ನಿಂತಿತು.

ಅಮೆರಿಕದ ಸಂವಿಧಾನದಲ್ಲಿ ಯುದ್ಧ ಸಾರುವ ಅಧಿಕಾರ ಇರುವುದು ಕಾಂಗ್ರೆಸ್ಸಿಗೆ, ಅಂದರೆ ಅಲ್ಲಿನ ಸಂಸತ್ತಿಗೆ. ಅಧ್ಯಕ್ಷ ಸೇನೆಯ ದಂಡನಾಯಕ ಮಾತ್ರ. 1787ರಲ್ಲಿ ಕರಡು ಬರೆಯುವಾಗ ಮೊದಲು ಅಲ್ಲಿ ‘ಯುದ್ಧ ಮಾಡುವ’ ಅಧಿಕಾರ ಅಂತಿತ್ತು. ಮ್ಯಾಡಿಸನ್ ಮತ್ತು ಗೆರಿ ಎಂಬ ಇಬ್ಬರು ಅದನ್ನು ‘ಯುದ್ಧ ಸಾರುವ’ ಅಂತ ಬದಲಾಯಿಸಿದರು. ಯಾರಾದರೂ ದಿಢೀರನೆ ಮೇಲೆ ಬಿದ್ದರೆ ಅಧ್ಯಕ್ಷ ಸಂಸತ್ತಿನ ದಾರಿ ಕಾಯುತ್ತಾ ಕೂರಬಾರದಲ್ಲ, ಅದಕ್ಕೆ ಒಂದು ಸಣ್ಣ ಕಿಂಡಿ ಬಿಟ್ಟರು. ಇವತ್ತು ಆ ಕಿಂಡಿಯಲ್ಲಿ ಬಿ-2 ಬಾಂಬರ್ ವಿಮಾನ ಹಾರಿ ಹೋಗುತ್ತದೆ.

ಆ ಕಿಂಡಿಯಲ್ಲಿ ಮೊದಲು ದೊಡ್ಡದಾಗಿ ನುಗ್ಗಿದವರು ಅಧ್ಯಕ್ಷ ಟ್ರೂಮನ್. 1950ರ ಜೂನ್ ಕೊನೆಯಲ್ಲಿ ಉತ್ತರ ಕೊರಿಯಾ ದಕ್ಷಿಣಕ್ಕೆ ಇಳಿಯಿತು. ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ನಿರ್ಣಯ ಹಿಡಿದು ಟ್ರೂಮನ್ ಸೇನೆ ಕಳಿಸಿದರು, ಕಾಂಗ್ರೆಸ್ಸನ್ನು ಕೇಳಲೇ ಇಲ್ಲ. ಪತ್ರಿಕಾಗೋಷ್ಠಿಯಲ್ಲಿ ‘ನಾವು ಯುದ್ಧದಲ್ಲಿಲ್ಲ’ ಎಂದರು. ಹಾಗಾದರೆ ಇದನ್ನು ವಿಶ್ವಸಂಸ್ಥೆಯ ಪೊಲೀಸ್ ಆಕ್ಷನ್ ಅನ್ನಬಹುದೇ ಅಂತ ಒಬ್ಬ ವರದಿಗಾರ ಕೇಳಿದಾಗ, ಹೌದು, ಅದೇ ಅಂದರು.

ಪೊಲೀಸ್ ಆಕ್ಷನ್! ಕಲಬುರಗಿ, ಬೀದರ್, ರಾಯಚೂರು ಕಡೆಯವರಿಗೆ ಈ ಮಾತು ಹೊಸದಲ್ಲ. 1948ರ ಸೆಪ್ಟೆಂಬರ್‌ನಲ್ಲಿ ಹೈದರಾಬಾದ್ ಸಂಸ್ಥಾನಕ್ಕೆ ನುಗ್ಗಿದ್ದು ಭಾರತದ ಸೇನೆ, ಟ್ಯಾಂಕುಗಳ ಸಮೇತ. ಹೆಸರು ಮಾತ್ರ ಪೊಲೀಸರದ್ದು. ಆ ಭಾಗದ ಹಿರಿಯರ ಬಾಯಲ್ಲಿ ಈಗಲೂ ಅದು ‘ಪೊಲೀಸ್ ಆಕ್ಷನ್’. ಅಮೆರಿಕದವರೊಬ್ಬರೇ ಪದಗಳ ಆಟ ಆಡುತ್ತಾರೆ ಅಂದುಕೊಳ್ಳುವ ಮೊದಲು ಇದೂ ನೆನಪಿರಲಿ ಅಂತ ಹೇಳಿದೆ.

ಕೊರಿಯಾದ ಆ ‘ಪೊಲೀಸ್ ಕೆಲಸ’ದಲ್ಲಿ ಬಿದ್ದ ಬಾಂಬ್ ಸುಮಾರು 6,35,000 ಟನ್. ಎರಡನೇ ಮಹಾಯುದ್ಧದಲ್ಲಿ ಇಡೀ ಪೆಸಿಫಿಕ್ ರಂಗದಲ್ಲಿ ಅಮೆರಿಕ ಹಾಕಿದ್ದಕ್ಕಿಂತ ಜಾಸ್ತಿ. ಸತ್ತ ಅಮೆರಿಕನ್ ಸೈನಿಕರೇ 36,000 ದಾಟುತ್ತಾರೆ. ಕೊರಿಯನ್ನರ ಸಾವು ಲಕ್ಷಗಳಲ್ಲಿ. 1953ರ ಜುಲೈನಲ್ಲಿ ಕದನವಿರಾಮವಾದ ಮೇಲೆ, ಊರಿಗೆ ಹೋಗಲೊಲ್ಲದ ಯುದ್ಧಕೈದಿಗಳನ್ನು ನೋಡಿಕೊಳ್ಳುವ ತಟಸ್ಥ ಆಯೋಗದ ಅಧ್ಯಕ್ಷರಾಗಿ ಹೋದವರು ನಮ್ಮ ಕೊಡಗಿನ ಜನರಲ್ ತಿಮ್ಮಯ್ಯ. ಸಾರದೇ ಇದ್ದ ಯುದ್ಧಕ್ಕೂ ಕೈದಿಗಳು ಮಾತ್ರ ಸಾವಿರಗಟ್ಟಲೆ ಇದ್ದರು.

ವಿಯೆಟ್ನಾಂ ಹೊತ್ತಿಗೆ ಹೊಸ ಉಪಾಯ ಬಂತು. ಯುದ್ಧ ಸಾರುವುದು ಬೇಡ, ‘ಅಧ್ಯಕ್ಷರು ಅಗತ್ಯ ಕ್ರಮ ಕೈಗೊಳ್ಳಲಿ’ ಅಂತ ಒಂದು ನಿರ್ಣಯ ಸಾಕು. 1964ರ ಆಗಸ್ಟ್ 2ರಂದು ಟೊಂಕಿನ್ ಕೊಲ್ಲಿಯಲ್ಲಿ ಮ್ಯಾಡಾಕ್ಸ್ ಎಂಬ ಯುದ್ಧನೌಕೆಯ ಮೇಲೆ ಉತ್ತರ ವಿಯೆಟ್ನಾಂನ ದೋಣಿಗಳು ದಾಳಿ ಮಾಡಿದವು. ಅದು ನಿಜ. ಆಗಸ್ಟ್ 4ರಂದು ಮತ್ತೊಂದು ದಾಳಿ ಆಯಿತು ಎಂದರು. ಅದು ಆಗಿರಲೇ ಇಲ್ಲ. ಅಮೆರಿಕದ ಬೇಹುಗಾರಿಕೆ ಸಂಸ್ಥೆಯ ಸ್ವಂತ ಇತಿಹಾಸಕಾರ ಬರೆದಿಟ್ಟಿದ್ದ ಅಧ್ಯಯನ 2005ರಲ್ಲಿ ಹೊರಬಿದ್ದು, ಅದೂ ಇದನ್ನೇ ಹೇಳಿತು. ಆದರೆ ಆಗಸ್ಟ್ 7ಕ್ಕೇ ನಿರ್ಣಯ ಪಾಸಾಗಿತ್ತು. ಕೆಳಮನೆಯಲ್ಲಿ 416-0, ಮೇಲ್ಮನೆಯಾದ ಸೆನೆಟ್‌ನಲ್ಲಿ 88-2. ಬೇಡ ಎಂದ ಆ ಇಬ್ಬರು ವೇಯ್ನ್ ಮೋರ್ಸ್ ಮತ್ತು ಅರ್ನೆಸ್ಟ್ ಗ್ರುನಿಂಗ್. 1968ರ ಚುನಾವಣೆಯಲ್ಲಿ ಇಬ್ಬರೂ ಸೀಟು ಕಳೆದುಕೊಂಡರು.

ಇಷ್ಟಾದರೂ ವಿಯೆಟ್ನಾಂ ವಿಷಯದಲ್ಲಿ ಒಂದು ಕಾಗದ ಇತ್ತು. ಪಕ್ಕದ ಲಾವೋಸ್ ವಿಷಯದಲ್ಲಿ ಜನರಿಗೆ ಸುದ್ದಿಯೂ ಇರಲಿಲ್ಲ.

ಲಾವೋಸ್ ತಟಸ್ಥ ದೇಶ ಅಂತ 1962ರಲ್ಲಿ ಜಿನೀವಾದಲ್ಲಿ 14 ದೇಶಗಳು ಸಹಿ ಹಾಕಿದ್ದವು. ಅಮೆರಿಕ ಹಾಕಿತ್ತು, ಉತ್ತರ ವಿಯೆಟ್ನಾಂ ಹಾಕಿತ್ತು, ಭಾರತವೂ ಹಾಕಿತ್ತು. ಒಪ್ಪಂದ ಪಾಲನೆ ನೋಡುವ ಅಂತರರಾಷ್ಟ್ರೀಯ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಉತ್ತರ ವಿಯೆಟ್ನಾಂ ತನ್ನ ಸೈನಿಕರನ್ನು ಅಲ್ಲಿಂದ ತೆಗೆಯಲಿಲ್ಲ, ದಕ್ಷಿಣ ವಿಯೆಟ್ನಾಂಗೆ ಸೈನಿಕರನ್ನು, ಸಾಮಾನುಗಳನ್ನು ಸಾಗಿಸುವ ಹೋ ಚಿ ಮಿನ್ ದಾರಿಯನ್ನು ಲಾವೋಸ್ ಕಾಡಿನೊಳಗೆ ಹಾಯಿಸಿತು. ಅಮೆರಿಕ ತನ್ನ ಸೈನಿಕರನ್ನು ತೆಗೆದಂತೆ ಮಾಡಿ, ಸಿಐಎ ಮೂಲಕ ಹ್ಮೊಂಗ್ ಬುಡಕಟ್ಟಿನವರ ಸೇನೆ ಕಟ್ಟಿತು. ಮೇಲಿನಿಂದ ಬಾಂಬ್ ಹಾಕಿತು. ಎಲ್ಲಿ ಹಾಕಬೇಕು, ಎಲ್ಲಿ ಬೇಡ ಅಂತ ಒಪ್ಪಿಗೆ ಕೊಡುತ್ತಿದ್ದವರು ರಾಜಧಾನಿ ವಿಯೆಂಟಿಯಾನ್‌ನಲ್ಲಿ ಕೂತಿದ್ದ ಅಮೆರಿಕದ ರಾಯಭಾರಿ. ರಾಯಭಾರಿ ಮಾಡುವ ಕೆಲಸವಾ ಇದು?

1964ರಿಂದ 1973ರವರೆಗೆ 5,80,000 ಹಾರಾಟ, 20 ಲಕ್ಷ ಟನ್‌ಗೂ ಹೆಚ್ಚು ಬಾಂಬ್. ಭಾಗಿಸಿ ನೋಡಿದರೆ ಹಗಲೂ ರಾತ್ರಿ ಎಂಟು ನಿಮಿಷಕ್ಕೊಂದು ವಿಮಾನದ ಹೊರೆ, ಒಂಬತ್ತು ವರ್ಷ. ಜನಸಂಖ್ಯೆಯ ಲೆಕ್ಕದಲ್ಲಿ ಭೂಮಿಯ ಮೇಲೆ ಇಷ್ಟು ಬಾಂಬ್ ತಿಂದ ದೇಶ ಇನ್ನೊಂದಿಲ್ಲ ಅನ್ನುತ್ತಾರೆ. ಶಿಯೆಂಗ್ ಖ್ವಾಂಗ್ ಕಡೆಯ ಜನ ಗುಹೆಗಳಲ್ಲಿ ಸಂಸಾರ ಹೂಡಿದರು, ರಾತ್ರಿ ಹೊರಬಂದು ಗದ್ದೆ ಕೆಲಸ ಮಾಡಿದರು. ಥಾಮ್ ಪ್ಯೂ ಎಂಬ ಗುಹೆಯೊಳಕ್ಕೆ ರಾಕೆಟ್ ನುಗ್ಗಿ ಒಂದೇ ಏಟಿಗೆ ನೂರಾರು ಜನ ಸತ್ತರು.

ಅಮೆರಿಕದ ಜನರಿಗೆ ಅಧ್ಯಕ್ಷರೊಬ್ಬರು ಇದರ ಬಗ್ಗೆ ಬಾಯಿಬಿಟ್ಟು ವಿವರಿಸಿದ್ದು 1970ರ ಮಾರ್ಚ್‌ನಲ್ಲಿ, ನಿಕ್ಸನ್. ಅದೂ ಸೆನೆಟ್ ಸಮಿತಿಯೊಂದು ಕೆದಕಿದ ಮೇಲೆ. ಪಕ್ಕದ ಕಾಂಬೋಡಿಯಾದಲ್ಲಂತೂ 1969ರ ಮಾರ್ಚ್‌ನಿಂದ 14 ತಿಂಗಳು ಬಿ-52 ವಿಮಾನಗಳು ಬಾಂಬ್ ಹಾಕಿದವು, ದಾಖಲೆಯಲ್ಲಿ ಮಾತ್ರ ದಕ್ಷಿಣ ವಿಯೆಟ್ನಾಂನಲ್ಲಿ ಹಾಕಿದ್ದು ಅಂತ ಸುಳ್ಳು ಬರೆದರು. ಆ ಕಾರ್ಯಾಚರಣೆಯ ಹೆಸರು ‘ಮೆನು’. ಅದರೊಳಗಿನ ಒಂದೊಂದು ಗುರಿಗೆ ಬ್ರೇಕ್‌ಫಾಸ್ಟ್, ಲಂಚ್, ಸ್ನ್ಯಾಕ್, ಡಿನ್ನರ್ ಅಂತ ಹೆಸರು. ಹೆಸರಿಟ್ಟವರಿಗೆ ಅನ್ನ ಹೇಗೆ ಗಂಟಲಿಳಿಯಿತೋ.

ಇದೆಲ್ಲ ಹೊರಬಿದ್ದ ಸಿಟ್ಟಿನಲ್ಲಿ ಕಾಂಗ್ರೆಸ್ 1973ರ ನವೆಂಬರ್‌ನಲ್ಲಿ ಯುದ್ಧಾಧಿಕಾರ ಕಾಯ್ದೆ ಮಾಡಿತು. ನಿಕ್ಸನ್ ವೀಟೊ ಹಾಕಿದರು, ಅದನ್ನೂ ಮೀರಿ ಪಾಸು ಮಾಡಿತು. ಕಾಯ್ದೆ ಹೇಳುವುದು ಸರಳ: ಸೇನೆಯನ್ನು ಕಾಳಗಕ್ಕೆ ಇಳಿಸಿದರೆ 48 ಗಂಟೆಯಲ್ಲಿ ನಮಗೆ ಬರೆದು ತಿಳಿಸು. 60 ದಿನದಲ್ಲಿ ನಾವು ಒಪ್ಪದಿದ್ದರೆ ನಿಲ್ಲಿಸು, ವಾಪಸ್ ಕರೆಸಲು ಇನ್ನೊಂದು 30 ದಿನ ತಗೋ. ಓದಿದರೆ ಗಟ್ಟಿ ಬೇಲಿ ಅನ್ನಿಸುತ್ತದೆ. ಆದರೆ ಬೇಲಿ ಹಾರಲು ಬಂದವರೆಲ್ಲ ವಕೀಲರನ್ನು ಕರೆದುಕೊಂಡೇ ಬಂದರು.

1999ರಲ್ಲಿ ಕೊಸೊವೊ ವಿಷಯಕ್ಕೆ ಸರ್ಬಿಯಾ ಮೇಲೆ 78 ದಿನ ಬಾಂಬ್ ಹಾಕಿದರು. ಬೆಂಬಲಿಸಬೇಕೋ ಬೇಡವೋ ಅಂತ ಕೆಳಮನೆಯಲ್ಲಿ ಓಟಿಗೆ ಹಾಕಿದರೆ 213-213, ಸಮ ಸಮ. ಅಂದರೆ ಒಪ್ಪಿಗೆ ಸಿಗಲಿಲ್ಲ, ದಾಳಿಯೂ ನಿಲ್ಲಲಿಲ್ಲ. ಖರ್ಚಿಗೆ ದುಡ್ಡು ಮಾತ್ರ ಅದೇ ಕಾಂಗ್ರೆಸ್ ಕೊಟ್ಟಿತು. ದುಡ್ಡು ಕೊಟ್ಟಿದ್ದೀರಲ್ಲ, ಒಪ್ಪಿದ ಹಾಗೇ ಆಯಿತು ಎಂದರು ಸರ್ಕಾರದ ವಕೀಲರು. 2011ರಲ್ಲಿ ಲಿಬಿಯಾ. 60 ದಿನ ದಾಟಿದಾಗ ಒಬಾಮ ಸರ್ಕಾರ ಕೊಟ್ಟ ವಾದ ಇನ್ನೂ ಚೆನ್ನಾಗಿದೆ: ನೆಲದ ಮೇಲೆ ನಮ್ಮ ಸೈನಿಕರಿಲ್ಲ, ನಮ್ಮವರಿಗೆ ಅಪಾಯ ಕಡಿಮೆ, ಹಾಗಾಗಿ ಇದು ಕಾಯ್ದೆ ಹೇಳುವ ‘ಕಾಳಗ’ವೇ ಅಲ್ಲ. ಅಂದರೆ ಕೆಳಗಿರುವವನು ತಿರುಗಿ ಹೊಡೆಯಲಾರದಿದ್ದರೆ ಅದು ಕಾಳಗವಲ್ಲ.

2001ರ ನಿರ್ಣಯದ್ದು ಬೇರೆಯದೇ ಕಥೆ. ಅವಳಿ ಕಟ್ಟಡ ಉರುಳಿದ ಮೂರೇ ದಿನಕ್ಕೆ, ದಾಳಿ ಮಾಡಿದವರ ಮೇಲೆ ಮತ್ತು ಅವರಿಗೆ ಆಶ್ರಯ ಕೊಟ್ಟವರ ಮೇಲೆ ಬಲ ಬಳಸಬಹುದು ಅಂತ ಒಪ್ಪಿಗೆ ಕೊಟ್ಟರು. ತಿರುಳು 60 ಪದಗಳ ಒಂದು ವಾಕ್ಯ. ಕೆಳಮನೆಯಲ್ಲಿ 420-1. ಆ ಒಂದು ಬಾರ್ಬರಾ ಲೀ ಅವರ ಓಟು. ಇದು ಖಾಲಿ ಚೆಕ್ ಆಗುತ್ತದೆ ಎಂದು ಅವರು ಆಗಲೇ ಎಚ್ಚರಿಸಿದ್ದರು, ಕೊಲೆ ಬೆದರಿಕೆಗಳು ಬಂದವು. ಮುಂದೆ ಅದೇ ವಾಕ್ಯ ತೋರಿಸಿ ಯೆಮನ್, ಸೊಮಾಲಿಯಾ, ಸಿರಿಯಾಗಳಲ್ಲಿ ದಾಳಿ ನಡೆಯಿತು. 2001ರಲ್ಲಿ ಇನ್ನೂ ಹುಟ್ಟೇ ಇರದ ಐಸಿಸ್ ಮೇಲೂ ಅದೇ ವಾಕ್ಯ.

ಸಂಸದರು ತಡೆಯಬಾರದಾ ಅಂತ ಕೇಳಬಹುದು. ಕೆಲವೊಮ್ಮೆ ತಡೆಯಲು ನೋಡಿದ್ದಾರೆ. ಯೆಮನ್‌ನಲ್ಲಿ ಸೌದಿ ಯುದ್ಧಕ್ಕೆ ಕೊಡುತ್ತಿದ್ದ ಬೆಂಬಲ ನಿಲ್ಲಿಸಿ ಅಂತ 2019ರಲ್ಲಿ ಎರಡೂ ಮನೆಗಳು ಹೇಳಿದವು. ಟ್ರಂಪ್ ವೀಟೊ ಹಾಕಿದರು. ವೀಟೊ ಮೀರಲು ಮೂರನೇ ಎರಡು ಭಾಗ ಬೇಕು, ಸೆನೆಟ್‌ನಲ್ಲಿ ಸಿಕ್ಕಿದ್ದು 53. ಹಾಗಾಗಿ ಲೆಕ್ಕ ತಲೆಕೆಳಗಾಗಿದೆ: ಯುದ್ಧ ಶುರು ಮಾಡಲು ಬಹುಮತ ಬೇಕು ಅಂತ ಬರೆದಿಟ್ಟ ದೇಶದಲ್ಲಿ, ಈಗ ನಿಲ್ಲಿಸಲು ಬಹುಮತವೂ ಸಾಲದು.

ನನ್ನ ಮಟ್ಟಿಗೆ ಹೇಳುವುದಾದರೆ, ಅಧಿಕಾರವನ್ನು ಅಧ್ಯಕ್ಷರು ಕಿತ್ತುಕೊಂಡರು ಅನ್ನುವುದು ಅರ್ಧ ಸತ್ಯ. ಉಳಿದರ್ಧ, ಸಂಸದರಿಗೂ ಓಟು ಹಾಕದಿರುವುದೇ ಹಾಯಾಗಿತ್ತು. 2002ರಲ್ಲಿ ಇರಾಕ್ ಯುದ್ಧದ ಪರ ಹಾಕಿದ ಓಟು 2008ರ ಚುನಾವಣೆವರೆಗೂ ಹಿಲರಿ ಕ್ಲಿಂಟನ್ ಬೆನ್ನು ಬಿಡಲಿಲ್ಲ. ಯುದ್ಧ ಗೆದ್ದರೆ ಫೋಟೋದಲ್ಲಿ ಇರಬಹುದು, ಸೋತರೆ ನಮ್ಮನ್ನು ಕೇಳಲೇ ಇಲ್ಲ ಅನ್ನಬಹುದು. ನಮ್ಮ ಕಡೆ ಇದಕ್ಕೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಅನ್ನುತ್ತಾರೆ.

ಬೇರೆ ದೇಶಗಳಾದರೂ ಸಾರುತ್ತವಾ? ತೀರಾ ಅಪರೂಪ. ವಿಶ್ವಸಂಸ್ಥೆಯ ಸನ್ನದು ಬಂದ ಮೇಲೆ ಬಲಪ್ರಯೋಗವೇ ತಪ್ಪು, ಆತ್ಮರಕ್ಷಣೆ ಅಥವಾ ಭದ್ರತಾ ಮಂಡಳಿಯ ಒಪ್ಪಿಗೆ ಇದ್ದರೆ ಮಾತ್ರ ಸರಿ. ಹಾಗಾಗಿ ಎಲ್ಲರದ್ದೂ ಆತ್ಮರಕ್ಷಣೆಯೇ. 2022ರಲ್ಲಿ ಉಕ್ರೇನ್‌ಗೆ ನುಗ್ಗಿದ ರಷ್ಯಾ ಅದನ್ನು ‘ವಿಶೇಷ ಸೇನಾ ಕಾರ್ಯಾಚರಣೆ’ ಎಂದಿತು.

ಲಾವೋಸ್‌ಗೆ ಬಿದ್ದ ಕ್ಲಸ್ಟರ್ ಬಾಂಬ್‌ಗಳೊಳಗಿನ ಮರಿಬಾಂಬ್‌ಗಳು ಸುಮಾರು 27 ಕೋಟಿ. ಸುಮಾರು 8 ಕೋಟಿ ಸಿಡಿಯದೆ ಉಳಿದವು. ಅಲ್ಲಿಯವರು ಅವನ್ನು ‘ಬಾಂಬಿ’ ಅನ್ನುತ್ತಾರೆ. ಸಣ್ಣ ಮೋಸಂಬಿ ಗಾತ್ರ, ದುಂಡಗೆ, ಮಕ್ಕಳಿಗೆ ಚೆಂಡಿನಂತೆ ಕಾಣುತ್ತದೆ. ಯುದ್ಧ ಮುಗಿದ ಮೇಲೆ ಸತ್ತವರು, ಗಾಯಗೊಂಡವರು 20,000 ದಾಟಿದ್ದಾರೆ. 2016ರಲ್ಲಿ ಒಬಾಮ ಹೋಗಿ ತೆರವು ಕೆಲಸಕ್ಕೆ ಮೂರು ವರ್ಷಕ್ಕೆ 9 ಕೋಟಿ ಡಾಲರ್ ಕೊಡುವುದಾಗಿ ಹೇಳಿದರು. ಅಧಿಕಾರದಲ್ಲಿದ್ದಾಗ ಲಾವೋಸ್‌ಗೆ ಕಾಲಿಟ್ಟ ಮೊದಲ ಅಮೆರಿಕನ್ ಅಧ್ಯಕ್ಷ ಅವರೇ.

ಇನ್ನೊಂದು ಸಣ್ಣ ವಿಷಯ. ದಾಳಿ ಆದ ಎರಡು ದಿನಕ್ಕೆ ಅಧ್ಯಕ್ಷರು ಕಾಂಗ್ರೆಸ್ಸಿಗೆ ಬರೆಯುವ ಪತ್ರ ಸಿಕ್ಕರೆ ಓದಿ ನೋಡಿ. ‘ಕಾಯ್ದೆಯ ಪ್ರಕಾರ’ ವರದಿ ಕೊಡುತ್ತಿದ್ದೇನೆ ಅಂತ ಇರುವುದಿಲ್ಲ, ‘ಕಾಯ್ದೆಗೆ ಹೊಂದುವಂತೆ’ ಅಂತ ಇರುತ್ತದೆ. ಕಾಯ್ದೆಯ ಸರಿಯಾದ ಕಲಮು ಹೆಸರಿಸಿ ವರದಿ ಕೊಟ್ಟರೆ 60 ದಿನದ ಗಡಿಯಾರ ಶುರುವಾಗುತ್ತದೆ. ಆ ಕಲಮು ಹೆಸರಿಸಿದ್ದು ಅಧ್ಯಕ್ಷ ಫೋರ್ಡ್ ಒಬ್ಬರೇ, 1975ರಲ್ಲಿ, ಒಂದೇ ಸಲ. ಆ ಪತ್ರ ಕಾಂಗ್ರೆಸ್ ತಲುಪುವ ಹೊತ್ತಿಗೆ ಅದರಲ್ಲಿ ಹೇಳಿದ್ದ ಕಾರ್ಯಾಚರಣೆ ಮುಗಿದೇ ಹೋಗಿತ್ತು. 2025ರ ಜೂನ್‌ನಲ್ಲಿ ಇರಾನಿನ ಫೋರ್ಡೋ, ನತಾಂಜ್, ಇಸ್ಫಹಾನ್ ಪರಮಾಣು ಕೇಂದ್ರಗಳ ಮೇಲೆ ದಾಳಿಯಾದ ಮೇಲೆ ಹೋದ ಪತ್ರದಲ್ಲೂ ‘ಹೊಂದುವಂತೆ’ ಅಂತಲೇ ಇತ್ತು.