ಅಜ್ಜನ ಮಡಚುವ ಚಾಕು: ತಯಾರಕರನ್ನು ಗುರುತಿಸುವ ಬಗೆ

ಮಂಗಳೂರಿನ ಹಳೆಯ ಮನೆಯ ಮಾಡಿನಿಂದ ಹೆಂಚು ಇಳಿಸುವಾಗ ಬಾಸೆಲ್ ಮಿಷನ್ ಕಾರ್ಖಾನೆಯ ಹೆಸರಿನೊಂದಿಗೆ 1865 ಎಂಬ ಅಂಕಿ ಕಾಣಸಿಗುವುದುಂಟು. ಅದನ್ನು ಕಂಡವರು ಹೆಂಚಿಗೆ ನೂರೈವತ್ತು ವರ್ಷ ದಾಟಿತೆಂದು ಹಿಗ್ಗುತ್ತಾರೆ. ಆದರೆ ಅದು ಕಾರ್ಖಾನೆ ಆರಂಭವಾದ ವರ್ಷವೇ ಹೊರತು ಆ ಹೆಂಚನ್ನು ಸುಟ್ಟ ವರ್ಷವಲ್ಲ. ಹಿರಿಯರಿಂದ ಬಂದ ಮಡಚುವ ಚಾಕುವಿನ, ನಮ್ಮ ಕಡೆಯ ಮಾತಿನಲ್ಲಿ ಹೇಳುವುದಾದರೆ ಪೀಶಕತ್ತಿಯ, ಮೂಲ ಹುಡುಕುವವರು ಮೊದಲು ಎಡವುವುದೂ ಇಂಥದ್ದೇ ಜಾಗದಲ್ಲಿ. ಆದ್ದರಿಂದ ಒಂದು ಮಾತನ್ನು ಆರಂಭದಲ್ಲೇ ಗಮನದಲ್ಲಿಡಬೇಕು: ಚಾಕುವಿನ ಮೇಲಿನ ಹೆಚ್ಚಿನ ಗುರುತುಗಳು ವಸ್ತು ಇದಕ್ಕಿಂತ ಹಿಂದಿನದಲ್ಲ ಎಂಬುದನ್ನು ಮಾತ್ರ ತಿಳಿಸುತ್ತವೆ, ಇದಕ್ಕಿಂತ ಈಚಿನದಲ್ಲ ಎಂಬುದಕ್ಕೆ ಸಾಕ್ಷಿಯನ್ನು ಬೇರೆಡೆ ಹುಡುಕಬೇಕಾಗುತ್ತದೆ.

ಅಲಗನ್ನು ಪೂರ್ತಿ ಬಿಡಿಸಿದಾಗ ಹಿಡಿಗೆ ತಾಗಿಕೊಂಡು, ಹರಿತವಿಲ್ಲದೆ ಚಪ್ಪಟೆಯಾಗಿ ಉಳಿಯುವ ಬುಡದ ಸಣ್ಣ ಜಾಗದಲ್ಲಿ ತಯಾರಕರು ಮುದ್ರೆ ಒತ್ತುತ್ತಾರೆ. ಕರಾವಳಿಯ ಉಪ್ಪುಗಾಳಿಗೆ ಅಲ್ಲಿಯೇ ಹೆಚ್ಚು ತುಕ್ಕು ಕೂರುತ್ತದೆ. ನನ್ನ ಅಜ್ಜನ ಚಾಕು ಕೈಗೆ ಬಂದ ದಿನವೇ ನಾನು ಮರಳುಕಾಗದದಿಂದ ಆ ಜಾಗವನ್ನು ಉಜ್ಜಿದೆ. ತುಕ್ಕಿನ ಜೊತೆಗೆ ಮೊದಲ ಸಾಲಿನ ಮೂರು ಅಕ್ಷರಗಳೂ ಹೋದವು. ಹೊಲಿಗೆ ಯಂತ್ರದ ಎಣ್ಣೆಯ ಒಂದು ಹನಿ ಬಿಟ್ಟು, ಒಂದು ದಿನ ಕಾದು, ಹತ್ತಿಬಟ್ಟೆಯಿಂದ ಒರೆಸಿದರೆ ಸಾಕಿತ್ತು. ತೆಂಗಿನೆಣ್ಣೆ ಕಾಲಾಂತರದಲ್ಲಿ ಅಂಟಾಗುವುದರಿಂದ ಅದು ಬೇಡ. ಒರೆಸಿದ ಮೇಲೆ ಮೊಬೈಲಿನ ಟಾರ್ಚನ್ನು ಪಕ್ಕದಿಂದ, ಹೆಚ್ಚುಕಡಿಮೆ ಅಲಗಿಗೆ ತಾಗುವಂತೆ ಹಿಡಿದರೆ, ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರಗಳು ಎದ್ದು ಕಾಣುತ್ತವೆ. ಆಗಲೂ ಓದಲಾಗದಿದ್ದರೆ ಮುಖಕ್ಕೆ ಹಚ್ಚುವ ಪೌಡರನ್ನು ಬೆರಳಿನಿಂದ ಸವರಬಹುದು.

ಹೀಗೆ ನನ್ನ ಚಾಕುವಿನಲ್ಲಿ ಓದಲು ಸಿಕ್ಕಿದ್ದು ಇಷ್ಟು: ಇಂಗ್ಲಿಷಿನ ಜಿ ಮತ್ತು ಆರ್ ಅಕ್ಷರಗಳ ನಡುವೆ ಒಂದು ಕಿರೀಟ, ಅದರಡಿ ಮೊದಲ ಅಕ್ಷರಗಳಿಲ್ಲದ ರಾಡ್ಜರ್ಸ್ ಅಂಡ್ ಸನ್ಸ್, ‘ಹಿಸ್ ಮೆಜೆಸ್ಟಿ’ಯವರ, ಅಂದರೆ ಬ್ರಿಟನ್ನಿನ ದೊರೆಯ, ಚಾಕು ತಯಾರಕರು ಎಂಬ ಸಾಲು, ಕೊನೆಗೆ ಶೆಫೀಲ್ಡ್, ಇಂಗ್ಲೆಂಡ್. ಹಿಂಬದಿಯಲ್ಲಿ ಆರು ಮೂಲೆಯ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆ. ಈ ಜೋಡಿ ಚಿಹ್ನೆ ಶೆಫೀಲ್ಡಿನ ಜೋಸೆಫ್ ರಾಡ್ಜರ್ಸ್ ಸಂಸ್ಥೆಯದು. ಇದು 1682ರಲ್ಲಿ ನೋಂದಣಿಯಾದದ್ದೆಂಬುದನ್ನು ಓದಿ ಚಾಕುವೇ ಹದಿನೇಳನೆಯ ಶತಮಾನದ್ದೆಂದು ತಿಳಿದರೆ ಹೆಂಚಿನ ತಪ್ಪು ಮರುಕಳಿಸಿದಂತೆ. ದೇಶದ ಹೆಸರು ಹೆಚ್ಚು ಉಪಯುಕ್ತ. ಆಮದಾಗುವ ಸರಕಿನ ಮೇಲೆ ಮೂಲದೇಶದ ಹೆಸರು ಇರಲೇಬೇಕೆಂದು ಅಮೆರಿಕ 1890ರಲ್ಲಿ ಮಾಡಿದ ಸುಂಕದ ಕಾನೂನು ಮರುವರ್ಷ ಜಾರಿಗೆ ಬಂದ ಮೇಲೆ ಇಂಗ್ಲೆಂಡ್, ಜರ್ಮನಿ ಎಂದು ಒತ್ತುವುದು ವಾಡಿಕೆಯಾಯಿತು. ಅಲ್ಲಿಗೆ ಚಾಕು ಬಹುಮಟ್ಟಿಗೆ 1891ರ ಈಚೆಯದು. ವಿಕ್ಟೋರಿಯಾ ರಾಣಿ 1901ರವರೆಗೆ, ಏಳನೆಯ ಎಡ್ವರ್ಡ್ 1910ರವರೆಗೆ ಆಳಿದ್ದರಿಂದ ಜಿ ಅಕ್ಷರ ಅದರ ನಂತರದ ಐದನೆಯ ಜಾರ್ಜ್ ದೊರೆಯತ್ತ ಬೊಟ್ಟುಮಾಡುತ್ತದೆ. ಈ ಸಂಸ್ಥೆಯ ಹೆಸರನ್ನು ನಕಲು ಮಾಡಿದವರು ಬಹಳ ಮಂದಿ. ರಾಡ್ಜರ್ಸ್ ಎಂಬುದರ ಕಾಗುಣಿತದಲ್ಲಿ ಡಿ ಅಕ್ಷರ ಇಲ್ಲದಿದ್ದರೆ ಅದು ಬೇರೆಯವರ ಸರಕೆಂದೇ ಹಿಡಿಯಬೇಕು.

ಜರ್ಮನಿಯ ಚಾಕುಗಳಿಗೂ ಇದೇ ಲೆಕ್ಕ. ಜೊಲಿಂಗೆನ್ ಊರಿನ ಹೆಂಕೆಲ್ಸ್ ಸಂಸ್ಥೆಯ ಅವಳಿಗಳ ಚಿಹ್ನೆ 1731ರಲ್ಲಿ ನೋಂದಣಿಯಾದರೂ ಇಂದಿಗೂ ಬಳಕೆಯಲ್ಲಿದೆ. ಪಶ್ಚಿಮ ಜರ್ಮನಿ ಎಂದು ಇದ್ದರೆ ಮಾತ್ರ ಅದು 1949 ಮತ್ತು 1990ರ ನಡುವಿನದೆಂದು ಹೇಳಬಹುದು. ಕೊಲ್ಲಿಯಿಂದ ರಜೆಗೆ ಬಂದವರು ಉಡುಗೊರೆಯಾಗಿ ತಂದ ಕೆಂಪು ಹಿಡಿಯ ಸ್ವಿಸ್ ಚಾಕುಗಳು ಉಡುಪಿ, ಕುಂದಾಪುರದ ಮನೆಗಳಲ್ಲಿ ಸಾಕಷ್ಟಿವೆ. ಅವುಗಳ ಮೇಲಿನ ವಿಕ್ಟೋರಿನಾಕ್ಸ್ ಎಂಬ ಹೆಸರು 1921ರಲ್ಲಿ ಬಂದದ್ದು. ಫ್ರಾನ್ಸಿನ ಒಪಿನೆಲ್ ಚಾಕುವಿಗೆ ಅಲಗು ಬಿಗಿಹಿಡಿಯುವ ಉಂಗುರ ಸೇರಿದ್ದು 1955ರಲ್ಲಿ. ಸ್ಟೇನ್‌ಲೆಸ್ ಎಂದು ಬರೆದಿರುವ ಅಲಗು, ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಆ ಉಕ್ಕನ್ನು ರೂಪಿಸಿದ 1913ಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ.

ಮುದ್ರೆ ಹೇಳಿದ್ದನ್ನು ಹಿಡಿ ಒಪ್ಪುತ್ತದೆಯೇ ಎಂದು ನೋಡುವುದು ಮುಂದಿನ ಹೆಜ್ಜೆ. ಎಲುಬಿನ ಹಿಡಿಯಲ್ಲಿ ಸೂಜಿಮೊನೆಯಷ್ಟು ಸಣ್ಣ ಕಪ್ಪು ಚುಕ್ಕೆ, ಗೀರುಗಳಿರುತ್ತವೆ. ದಂತದ ಅಡ್ಡಕೊಯ್ತದಲ್ಲಿ ಒಂದನ್ನೊಂದು ದಾಟುವ ಬಾಗುಗೆರೆಗಳಿರುತ್ತವೆ. ಇವುಗಳನ್ನು ಹೋಲುವಂತೆ ಮಾಡುತ್ತಿದ್ದ ಹಳೆಯ ಬಗೆಯ ಪ್ಲಾಸ್ಟಿಕ್ಕಾದ ಸೆಲ್ಯುಲಾಯ್ಡಿನಲ್ಲಿ ಇವೆರಡೂ ಇರುವುದಿಲ್ಲ. ಹಳೆಯ ಸೆಲ್ಯುಲಾಯ್ಡ್ ಕೊಳೆಯುತ್ತಾ ಹೊರಬಿಡುವ ಆಮ್ಲೀಯ ಹೊಗೆ ಪಕ್ಕದ ಚಾಕುಗಳಿಗೂ ತುಕ್ಕು ಹಿಡಿಸುವುದರಿಂದ ಅಂಥದ್ದನ್ನು ಬೇರೆಯಾಗಿಡಬೇಕು. ನನ್ನ ಚಾಕುವಿನದು ಕೊಂಬಿನ ಹಿಡಿ, ಉಬ್ಬುತಗ್ಗಿನ ತೊಗಟೆಯಂಥ ಮೈ. ಶೆಫೀಲ್ಡಿನವರು ಹಿಡಿಗಾಗಿ ಭಾರತದ ಕಡವೆಯ ಕೊಂಬನ್ನು ತರಿಸುತ್ತಿದ್ದುದರಿಂದ, ನಮ್ಮ ಕಾಡಿನ ಕೊಂಬು ಹಡಗೇರಿ ಹೋಗಿ ಚಾಕುವಾಗಿ ಮರಳಿರಲೂಬಹುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣ ಇಂಥ ಹಿಡಿಯ ಚಾಕುವನ್ನು ಮಾರುವ ಯೋಚನೆ ಬೇಡ. ಎರಡು ಅಲಗುಗಳಿದ್ದರೆ ಎರಡರ ಮುದ್ರೆಯನ್ನೂ ಹೋಲಿಸಬೇಕು, ಏಕೆಂದರೆ ಮುರಿದ ಅಲಗನ್ನು ಬದಲಿಸಿ ಹೊಸ ರಿವೆಟ್ ಬಡಿದಿರಬಹುದು. ಹೊಳಪು ಬೇರೆಯಾದ ರಿವೆಟ್ ಅದಕ್ಕೆ ಸುಳಿವು.

ಇನ್ನುಳಿದದ್ದು ಈಚಿನ ಮಿತಿ. ಅಜ್ಜ ಬಂದರಿನ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದರು. ಅವರ ಮನೆಖರ್ಚಿನ ಲೆಕ್ಕದ ಪುಸ್ತಕದಲ್ಲಿ, 1934ರ ಪುಟವೊಂದರಲ್ಲಿ, ಎಲೆಅಡಿಕೆ ಮತ್ತು ಸೀಮೆಎಣ್ಣೆಯ ಸಾಲುಗಳ ನಡುವೆ ‘ಚಾಕು ಸಾಣೆಗೆ ಒಂದಾಣೆ’ ಎಂದಿದೆ. ಮನೆಯಲ್ಲಿ ಉಳಿದಿರುವ ಮಡಚುವ ಚಾಕು ಇದೊಂದೇ. ಮಡಚಿದಾಗ ಅದರ ಅಲಗು ಸಾಣೆಗೆ ಸವೆದು ಹಿಡಿಯ ಅಂಚಿಗಿಂತ ಒಂದು ಕಾಳಿನಷ್ಟು ಒಳಗೇ ಉಳಿಯುತ್ತದೆ. ಆ ಸಾಲು ಈ ಚಾಕುವಿನದೇ ಆಗಿದ್ದರೆ, ಅದು 1910ರಿಂದ 1934ರೊಳಗಿನದು.