ಯೂನಿಯನ್ನೇ ಇಲ್ಲದ ಕಾಲೇಜಿನಲ್ಲಿ ವಿದ್ಯಾರ್ಥಿಗಳು ಏನು ಮಾಡಬಹುದು?

ಪ್ರಶ್ನೆ: ಕಾಲೇಜು ಎಲ್ಲರದ್ದೂ ಆಗಬೇಕು, ಅದಕ್ಕೆ ವಿದ್ಯಾರ್ಥಿಗಳೇ ಮುಂದೆ ಬರಬೇಕು ಅಂತಾರೆ. ನಮ್ಮಲ್ಲಿ ಯೂನಿಯನ್ ಚುನಾವಣೆಯೂ ಇಲ್ಲ, ಕೈಯಲ್ಲಿ ಅಧಿಕಾರವೂ ಇಲ್ಲ. ನಿಜಕ್ಕೂ ನಮ್ಮಿಂದ ಏನಾದರೂ ಆಗುತ್ತಾ?

ಉತ್ತರ: ಆಗುತ್ತದೆ. ಕರ್ನಾಟಕದ ಬಹುತೇಕ ಕಾಲೇಜುಗಳಲ್ಲಿ ಯೂನಿಯನ್ ಚುನಾವಣೆ ನಿಂತು ಮೂರು ದಶಕ ದಾಟಿದೆ. ಆ ಬೇಸರ ನನಗೂ ಇದೆ. ಆದರೂ ಮಾಡುವ ಕೆಲಸ ಬೇಕಾದಷ್ಟಿದೆ ಅಂತ ನನಗೆ ಗೊತ್ತಾಗಿದ್ದು ಒಂದು ಪರೀಕ್ಷಾ ಕೊಠಡಿಯಲ್ಲಿ.

ಕಣ್ಣು ಕಾಣದ ಜೂನಿಯರ್ ಒಬ್ಬಳಿಗೆ ಸ್ಕ್ರೈಬ್ ಆಗಿ ಕೂತಿದ್ದೆ. ಅವಳು ಹೇಳಿದ್ದನ್ನು ನಾನು ಬರೆಯಬೇಕು, ಅಷ್ಟೇ. ಪ್ರತಿ ಪ್ರಶ್ನೆಯನ್ನೂ ಎರಡು ಸಲ ಓದಿಸಿಕೊಳ್ಳುತ್ತಿದ್ದಳು. ಬೆಂಚಿನ ಮೇಲೆ ಬೆರಳು ತಟ್ಟಿ ಪಾಯಿಂಟು ಎಣಿಸಿಕೊಂಡು, ಆಮೇಲೆ ಹೇಳಲು ಶುರು ಮಾಡುತ್ತಿದ್ದಳು. ಬರೆದದ್ದನ್ನು ನಾನು ಮತ್ತೆ ಓದಿ ಕೇಳಿಸಬೇಕಿತ್ತು. ಬೆಲ್ ಹೊಡೆದಾಗ ಇನ್ನೂ ಎರಡು ಪ್ರಶ್ನೆ ಬಾಕಿ. ಮೇಲ್ವಿಚಾರಕರು ಉತ್ತರಪತ್ರಿಕೆಗೆ ಕೈ ಚಾಚಿದರು. ಸ್ಕ್ರೈಬ್ ಇಟ್ಟುಕೊಂಡು ಬರೆಯುವವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಜಾಸ್ತಿ ಕೊಡಬೇಕು ಅಂತ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯಲ್ಲಿತ್ತು. ಮೂರು ಗಂಟೆಯ ಪರೀಕ್ಷೆ. ಅವಳಿಗೆ ಇನ್ನೂ ಪೂರ್ತಿ ಒಂದು ಗಂಟೆ ಸಿಗಬೇಕಿತ್ತು. ಕೊಠಡಿಯಲ್ಲಿದ್ದ ಯಾರಿಗೂ ಇದು ಗೊತ್ತಿರಲಿಲ್ಲ, ನನಗೂ. ಪತ್ರಿಕೆ ಹೋಯಿತು. ಅವಳು ಬೆಂಚಿನ ಅಂಚು ಹಿಡಿದು ಸುಮ್ನೆ ಕೂತಿದ್ದಳು.

ಅವಳ ಕ್ಲಾಸಿನ ಇಬ್ಬರು ಅವತ್ತು ರಾತ್ರಿಯೇ ಆ ಮಾರ್ಗಸೂಚಿ ಹುಡುಕಿ ಪ್ರಿಂಟ್ ತೆಗೆಸಿದರು. ಪ್ರಾಂಶುಪಾಲರ ಹತ್ತಿರ ಹೋಗುವ ಮುಂಚೆ ಅವಳನ್ನು ಕೇಳಿದರು, ನೀನೂ ಬರ್ತೀಯಾ ಅಂತ. ಬಂದಳು. ಒಳಗೆ ಮಾತಾಡಿದ್ದು ಅವಳೇ, ಇವರು ಪಕ್ಕದಲ್ಲಿ ನಿಂತಿದ್ದರು. ಮುಂದಿನ ಪೇಪರಿಗೆ ಅವಳು ಕೊನೆಯ ಪ್ರಶ್ನೆಯವರೆಗೂ ಉತ್ತರ ಬರೆಸಿದಳು. ಆ ಇಬ್ಬರು ಕ್ಲಾಸ್ ರೆಪ್ ಕೂಡ ಆಗಿರಲಿಲ್ಲ. ವಿದ್ಯಾರ್ಥಿ ನಾಯಕರು ಅಂದಾಗ ನನ್ನ ಕಣ್ಣಿಗೆ ಬರುವುದು ಅವರೇ.

ಹೀಗೆ ಕೈಯಲ್ಲಿ ಹಿಡಿದು ಹೋಗಿ ಕೇಳಬಹುದಾದ ನಿಯಮಗಳು ಇನ್ನೂ ಇವೆ. ಕಾಲೇಜಿನಲ್ಲಿ ಜಾತಿ, ಧರ್ಮ, ಭಾಷೆ, ಲಿಂಗ, ಅಂಗವೈಕಲ್ಯದ ಹೆಸರಲ್ಲಿ ತಾರತಮ್ಯ ನಡೆಯದಂತೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗ, 2012ರಲ್ಲೇ ನಿಯಮ ತಂದಿತು. ಅದರ ಪ್ರಕಾರ ಸಮಾನ ಅವಕಾಶ ಘಟಕ ಇರಬೇಕು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು. ಆ ನಿಯಮ ಕಾಗದದಲ್ಲೇ ಉಳಿದಿದೆ ಅಂತ 2019ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಇಬ್ಬರು ತಾಯಂದಿರು, ಜಾತಿ ತಾರತಮ್ಯದ ಆರೋಪದ ನಡುವೆ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳಾದ ರೋಹಿತ್ ವೇಮುಲ ಮತ್ತು ಪಾಯಲ್ ತಡ್ವಿ ಅವರ ಅಮ್ಮಂದಿರು. ಮಕ್ಕಳನ್ನು ಕಳೆದುಕೊಂಡ ಮೇಲೆ ಆ ಕೆಲಸ ಅವರ ಹೆಗಲಿಗೆ ಬಿತ್ತು ಅನ್ನುವುದು ನನಗೆ ತುಂಬಾ ನೋವಿನ ಸಂಗತಿ. ಪಕ್ಕದ ಬೆಂಚಿನಲ್ಲಿ ಕೂತವರು ಮೊದಲೇ ಕೇಳಬೇಕಾದ ಪ್ರಶ್ನೆ ಅದು, ಅಲ್ವಾ?

ಹಾಸ್ಟೆಲಿನಲ್ಲಿ ಯಾರು ಒಬ್ಬರೇ ಊಟಕ್ಕೆ ಕೂರುತ್ತಾರೆ, ಯಾರ ಹೆಸರಿಗೆ ಅಡ್ಡಹೆಸರು ಅಂಟಿದೆ, ಯಾರನ್ನು 'ಕೋಟಾ' ಅಂತ ಕರೆಯುತ್ತಾರೆ ಅನ್ನುವುದು ಅಧ್ಯಾಪಕರಿಗಿಂತ ಮೊದಲು ನಿಮಗೆ ಗೊತ್ತಾಗುತ್ತದೆ. ಆ ಮಾತು ಬಂದ ಕ್ಷಣವೇ 'ಹಾಗೆ ಅನ್ನಬೇಡ' ಅಂತ ಗೆಳೆಯನಿಗೆ ಹೇಳುವುದು ಕಷ್ಟದ ಕೆಲಸ. ನನ್ನ ಪ್ರಕಾರ ಎಲ್ಲಕ್ಕಿಂತ ಕಷ್ಟದ್ದು ಅದೇ.

ಕನ್ನಡ ಮಾಧ್ಯಮದಿಂದ ಬಂದವರ ವಿಷಯವೂ ಹೀಗೇ. ಯಾದಗಿರಿಯಿಂದಲೋ ಚಾಮರಾಜನಗರದಿಂದಲೋ ಬಂದ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಬಾಯಿ ಬಿಡುವುದಿಲ್ಲ. ಪಾಠ ತಿಳಿಯದೇ ಅಲ್ಲ, ಇಂಗ್ಲಿಷಿಗೆ ಹೆದರಿ. ಸೀನಿಯರ್‌ಗಳು ಸಂಜೆ ಒಂದು ಗಂಟೆ ಕೂತು ಆ ವಾರದ ಪಾಠವನ್ನು ಕನ್ನಡದಲ್ಲಿ ಮಾತಾಡಿದರೆ ಸಾಕು, ಅವಳು ಎರಡನೇ ತಿಂಗಳಿಗೇ ಕೈ ಎತ್ತುತ್ತಾಳೆ.

ಕಾಲೇಜಿನ ಬಾಗಿಲವರೆಗೆ ಬರಲೂ ಆಗದವರಿದ್ದಾರಲ್ಲ, ಅವರ ಮಾತೇನು? ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಓದಿ, ಮುಂದೆ ಕಾನೂನು ಪ್ರಾಧ್ಯಾಪಕರಾದ ಶಾಮ್ನಾದ್ ಬಶೀರ್ ಇದನ್ನೇ ಕೇಳಿಕೊಂಡು 2010ರಲ್ಲಿ ಐಡಿಯಾ ಎಂಬ ಸಂಸ್ಥೆ ಶುರು ಮಾಡಿದರು. ಅದರ ಕೆಲಸ ನಡೆಯುವುದು ಲಾ ವಿದ್ಯಾರ್ಥಿಗಳ ಕೈಯಲ್ಲಿ. ಬಡ ಮಕ್ಕಳು ಓದುವ ಶಾಲೆಗಳಿಗೆ ಹೋಗುತ್ತಾರೆ, ಕಾನೂನು ಓದಬಹುದು ಅಂತ ತಿಳಿಸುತ್ತಾರೆ, ಆಯ್ಕೆಯಾದವರನ್ನು ಲಾ ಕಾಲೇಜು ಸೇರಲು ಬರೆಯಬೇಕಾದ ಕ್ಲ್ಯಾಟ್ ಪ್ರವೇಶ ಪರೀಕ್ಷೆಗೆ ತಯಾರು ಮಾಡುತ್ತಾರೆ. ಸೀಟು ಸಿಕ್ಕ ಮೇಲೂ ಜೊತೆಗಿರುತ್ತಾರೆ. ಬಶೀರ್ 2019ರಲ್ಲಿ ತೀರಿಕೊಂಡರು. ಆ ಕೆಲಸ ನಿಲ್ಲಲಿಲ್ಲ.

ಇನ್ನು ಚುನಾವಣೆ ಇಲ್ಲ ಅಂದಿರಲ್ಲ, ಒಂದು ಇದೆ. ಲೈಂಗಿಕ ಕಿರುಕುಳದ ದೂರು ನೋಡುವ ಆಂತರಿಕ ಸಮಿತಿಯಲ್ಲಿ, ವಿಷಯ ವಿದ್ಯಾರ್ಥಿಗಳಿಗೆ ಸಂಬಂಧಿಸಿದ್ದಾದರೆ, ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಇರಬೇಕು ಅಂತ ಯುಜಿಸಿಯ 2015ರ ನಿಯಮವೇ ಹೇಳುತ್ತದೆ. ನಿಮ್ಮ ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಆ ಸಮಿತಿಯ ಪಟ್ಟಿ ಇದೆಯಾ ನೋಡಿ. ವಿದ್ಯಾರ್ಥಿಗಳ ಹೆಸರು ಇಲ್ಲದಿದ್ದರೆ ನಾಲ್ಕೈದು ಮಂದಿ ಸಹಿ ಹಾಕಿ ಅರ್ಜಿ ಕೊಡಿ. ಆಫೀಸಿನಲ್ಲಿ ಇನ್ನೊಂದು ಪ್ರತಿಗೆ ಸೀಲು ಹಾಕಿಸಿಕೊಳ್ಳುವುದನ್ನು ಮರೆಯಬೇಡಿ.