ಕುರ್ಚಿ ಅದೇ, ಪಗಾರದ ಬದಲು ಇನ್‌ವಾಯ್ಸ್

ಪುಣೆಯ ವಾಕಡ್‌ನಲ್ಲಿ ನಾವು ನಾಲ್ಕು ಕನ್ನಡದ ಮನೆಯವರು ಸೇರಿದ್ರೆ ಈಗ ಇದೇ ಮಾತು, ಯಾರು ಎಂಪ್ಲಾಯಿ, ಯಾರು ಕನ್ಸಲ್ಟೆಂಟ್, ಯಾರಿಗೆ ಪಿಎಫ್ ನಿಂತೋಯ್ತು. ಊಟ ತಂದುಕೊಡೋ ಹುಡುಗನೂ ಗಿಗ್ (ಕಾಯಂ ನೌಕರಿ ಇಲ್ಲದೆ ಕೆಲಸಕ್ಕೆ ತಕ್ಕ ದುಡ್ಡು), ತಿಂಗಳಿಗೆ ಲಕ್ಷದ ಬಿಲ್ ಕಳಿಸೋ ಇಂಜಿನಿಯರೂ ಗಿಗ್ ಅಂದ್ರೆ ಗೊಂದಲ ಆಗದೇ ಇರುತ್ತಾ, ಹಾಗಾಗಿ ಸ್ವಲ್ಪ ಹಿಂದಿನಿಂದ ಹೇಳ್ತೀನಿ.

ಮುಂಬೈ ಗಿರಣಿಗಳಲ್ಲಿ ಬದ್ಲಿ ಕಾಮಗಾರರು ಅಂತ ಇದ್ರು. ಬೆಳಿಗ್ಗೆ ಗೇಟಿನ ಹತ್ರ ನಿಲ್ಲೋದು, ಕಾಯಂ ಇದ್ದವನು ಬರದಿದ್ರೆ ಅವತ್ತು ಅವನ ಕೆಲಸ ಇವನಿಗೆ, ಬಂದ್ರೆ ವಾಪಸ್ ಚಾಳಿಗೆ. 1948ರ ಇಎಸ್‌ಐ ಅಂದ್ರೆ ಕಾರ್ಮಿಕರ ವಿಮೆ, 1952ರ ಪಿಎಫ್, 1972ರ ಗ್ರಾಚ್ಯುಟಿ ಅಂದ್ರೆ ಕೆಲಸ ಬಿಡುವಾಗ ಸಿಗೋ ಇಡಿಗಂಟು, ಇವೆಲ್ಲಾ ಬಂದಿದ್ದು ಕೆಲಸದವನಿಗೆ ಮಾಲೀಕ ಅಂತ ಒಬ್ಬ ಇದ್ದೇ ಇರ್ತಾನೆ ಅನ್ನೋ ಲೆಕ್ಕದಲ್ಲಿ. ಆಮೇಲೆ ಆ ಲೆಕ್ಕ ಒಂದೊಂದಾಗಿ ಸಡಿಲ ಆಗ್ತಾ ಹೋಯ್ತು, 1982ರ ಜನವರಿಯಲ್ಲಿ ಕಾರ್ಮಿಕ ನಾಯಕ ದತ್ತಾ ಸಾಮಂತರ ಮುಷ್ಕರ, ಸುಮಾರು ಎರಡೂವರೆ ಲಕ್ಷ ಗಿರಣಿ ಕಾಮಗಾರರು ಹೊರಗೆ, 1991ರ ಉದಾರೀಕರಣ, 2000ದಲ್ಲಿ ಬ್ಯಾಂಕುಗಳ ವಿಆರ್‌ಎಸ್ ಅಂದ್ರೆ ಸ್ವಯಂ ನಿವೃತ್ತಿ, ಗುತ್ತಿಗೆ ನಿಷೇಧ ಆದ ಕಡೆಯೂ ಗುತ್ತಿಗೆ ಕೆಲಸಗಾರರು ತಾನಾಗಿ ಕಾಯಂ ಆಗೋದಿಲ್ಲ ಅಂತ 2001ರಲ್ಲಿ ಸರ್ಕಾರಿ ಉಕ್ಕಿನ ಕಂಪನಿ ಸೇಲ್‌ನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು.

ನಡುವೆ ಒಂದನ್ನ ಎಲ್ಲರೂ ಮರೀತಾರೆ. ಇವತ್ತು ಈ ಅಂಗಡಿ, ನಾಳೆ ಆ ಗೋದಾಮು ಅಂತ ಮೂಟೆ ಹೊರೋ ಹಮಾಲರಿಗೆ ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ಮಾಡಿತ್ತು. ಹಮಾಲ ಬೋರ್ಡಿನಲ್ಲಿ ಹೆಸರು ಬರೆಸ್ತಾನೆ, ಮಾಲಿನವರು ಕೂಲಿ ಜೊತೆ ಲೆವಿನೂ, ಅಂದ್ರೆ ಕೂಲಿ ಮೇಲೆ ಇಷ್ಟು ಅಂತ ಹೆಚ್ಚಿನ ದುಡ್ಡನ್ನೂ, ಬೋರ್ಡಿಗೆ ಕಟ್ತಾರೆ, ಅದರಲ್ಲೇ ಪಿಎಫ್, ಗ್ರಾಚ್ಯುಟಿ. ಮಾಲೀಕರು ಹತ್ತು ಜನ ಇದ್ರೆ ಇದೆಲ್ಲಾ ಕೊಡೋಕಾಗಲ್ಲ ಅಂತ ಈಗ ಹೇಳೋರನ್ನ ಕಂಡ್ರೆ ನನಗೆ ನಗು ಬರುತ್ತೆ.

ಪುಣೆಯ ಐಟಿ ಕಂಪನಿಗಳ ಹಿಂಜವಡಿಗೆ ಈ ಕಾಯಂ ಅಲ್ಲದ ಕೆಲಸ ಬೇರೆ ವೇಷದಲ್ಲಿ ಬಂತು. ಮೊದಲು ಥರ್ಡ್ ಪಾರ್ಟಿ ಪೇರೋಲ್, ಅಂದ್ರೆ ಪಗಾರ ಕೊಡೋದು ಬೇರೆ ಏಜೆನ್ಸಿ, ಕೆಲಸ ಒಂದೇ ಆದ್ರೂ ಕೊರಳಿನ ಐಡಿ ಕಾರ್ಡ್ ಪಟ್ಟಿಯ ಬಣ್ಣ ಬೇರೆ. ಆಮೇಲೆ 2016ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 44ಎಡಿಎ ಅನ್ನೋ ಸೆಕ್ಷನ್ ಬಂತು, ಕೆಲವು ವೃತ್ತಿಯವರು ಬಂದ ದುಡ್ಡಿನ ಅರ್ಧವನ್ನ ಮಾತ್ರ ಲಾಭ ಅಂತ ತೋರಿಸಿದ್ರೆ ಸಾಕು. ಸಾಫ್ಟ್‌ವೇರ್‌ನೋರು ಅದರೊಳಗೆ ಬರ್ತಾರಾ ಅಂತ ಸಿಎಗಳು ಇನ್ನೂ ವಾದ ಮಾಡ್ತಾರೆ, ಆದ್ರೆ ಆಸೆ ಹುಟ್ಟೋಕೆ ಅಷ್ಟು ಸಾಕಾಯ್ತು.

ನಾನು 2021ರಲ್ಲಿ ಎಂಪ್ಲಾಯಿಯಿಂದ ಕನ್ಸಲ್ಟೆಂಟ್ ಕಡೆ ದಾಟಿದೆ. ಹುಬ್ಬಳ್ಳಿಯಿಂದ ಅವ್ವ ಫೋನ್ ಮಾಡಿ, "ಏನಪಾ, ನೌಕರಿ ಬಿಟ್ಟಿಯಂತ?" ಅಂದ್ಲು. "ಬಿಟ್ಟಿಲ್ಲವ್ವ, ಅಲ್ಲೇ ಅದೀನಿ, ರೊಕ್ಕ ಬ್ಯಾರೆ ಹೆಸರಲೆ ಬರ್ತೈತಿ" ಅಂದೆ. ತಿಂಗಳಿಗೆ ಒಂದು ಲಕ್ಷದ ಇನ್‌ವಾಯ್ಸ್, ಅದರಲ್ಲಿ 10,000 ಟಿಡಿಎಸ್ ಅಂತ ಮೊದಲೇ ಟ್ಯಾಕ್ಸ್ ಕಟ್, ವರ್ಷದ ಕೊನೆಗೆ ಲಾಭ ಆರು ಲಕ್ಷ ಅಂತ ರಿಟರ್ನ್ ತುಂಬಿದ್ರೆ ಹಿಡಿದ ದುಡ್ಡಲ್ಲಿ ಬಹುಪಾಲು ರಿಫಂಡ್. ಇಷ್ಟು ದಿನ ಸುಮ್ನೆ ಪಗಾರಕ್ಕೆ ದುಡಿದೆನಲ್ಲಾ ಅನ್ನಿಸಿಬಿಡ್ತು.

ಎರಡನೇ ವರ್ಷ ಅವ್ವನ ಕಣ್ಣಿಗೆ ಪೊರೆ ಬಂತು. ಕಂಪನಿಯ ಮೆಡಿಕ್ಲೇಮ್ ಹೋಗಿತ್ತು, ನಾನೇ ತಗೊಂಡ ಪಾಲಿಸಿಯಲ್ಲಿ ಪೊರೆ ಆಪರೇಷನ್‌ಗೆ ಎರಡು ವರ್ಷ ಕಾಯಬೇಕು ಅಂತ ಬರೆದಿದ್ದನ್ನ ನಾನು ಓದಿರ್ಲಿಲ್ಲ. ಅದು ಹೋಗ್ಲಿ, ಫ್ಲಾಟ್‌ಗೆ ಅಂತ ಬ್ಯಾಂಕಿಗೆ ಹೋದ್ರೆ ಮೂರು ವರ್ಷದ ರಿಟರ್ನ್ ತನ್ನಿ ಅಂದ್ರು, ತೋರಿಸಿದ್ದು ಅರ್ಧ ಲಾಭ ಅಲ್ವಾ, ಲೋನೂ ಆ ಅರ್ಧದ ಲೆಕ್ಕಕ್ಕೇ, ಟ್ಯಾಕ್ಸ್ ಉಳಿಸಿಕೊಟ್ಟ ಅದೇ ಕಾಗದ ಇಲ್ಲಿ ಕಾಲಿಗೆ ಸುತ್ತಿಕೊಳ್ತು. ಮೊದಲು ಮೂರು ತಿಂಗಳ ನೋಟಿಸ್ ಇತ್ತು, ಈಗಿನ ಅಗ್ರಿಮೆಂಟಿನಲ್ಲಿ ಹದಿನೈದು ದಿನ.

ಕಾನೂನಿಗೆ ಬಂದ್ರೆ, ಗಿಗ್ ಕಾರ್ಮಿಕ ಅನ್ನೋ ಪದ ದೇಶದ ಕಾನೂನಿಗೆ ಬಂದಿದ್ದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ, ಅದು ಜಾರಿಯಾಗಿದ್ದು 2025ರ ನವೆಂಬರ್ 21ಕ್ಕೆ. ಟ್ಯಾಕ್ಸಿ, ಊಟ, ಡೆಲಿವರಿ ಥರದ ಆ್ಯಪ್ ಕಂಪನಿಗಳು ವಹಿವಾಟಿನ 1ರಿಂದ 2 ಶೇಕಡಾ ಆ ಕಾರ್ಮಿಕರ ಭದ್ರತಾ ನಿಧಿಗೆ ಕಟ್ಟಬೇಕು ಅಂತಿದೆ. ಹಮಾಲರ ಲೆವಿಯ ನೆನಪಾಗುತ್ತೆ, ಐವತ್ತು ವರ್ಷ ತಡ ಅಷ್ಟೇ. ಅದೇ ದಿನದಿಂದ ನಿಗದಿತ ಅವಧಿಗೆ ಸೇರಿದ ನೌಕರರಿಗೂ ಐದು ವರ್ಷದ ಬದಲು ಒಂದೇ ವರ್ಷಕ್ಕೆ ಗ್ರಾಚ್ಯುಟಿ.

ನಾನು ಯಾವ ಆ್ಯಪ್‌ನಲ್ಲೂ ಇಲ್ಲ, ನೌಕರನೂ ಅಲ್ಲ. ಆಫೀಸಿನ ಸಿಸ್ಟಮ್‌ನಲ್ಲಿ ನನ್ನ ಹೆಸರಿರೋದು ವೆಂಡರ್ ಪಟ್ಟಿಯಲ್ಲಿ, ಚಹಾ ಮಶೀನಿನವರು ಮತ್ತೆ ಹೂಕುಂಡ ಸಪ್ಲೈ ಮಾಡೋರ ನಡುವೆ.